ಅಂಗಳದ ತರಗೆಲೆ ನೆಟ್ಟಿಕಾಯಿಗೆ ಕಾವಲು

ಏಣೆಲು ಕೊಯ್ಲು ಮುಗಿದು ಗದ್ದೆಯ ನೀರು ಇಳಿಯಿತೆಂದರೆ ನಮ್ಮ ಕಾಸರಗೋಡು ಸೀಮೆಯಲ್ಲಿ ನೆಟ್ಟಿಕಾಯಿಯ ಕೆಲಸಕ್ಕೆ ಕಾಲ ಕೂಡಿಬಂದಂತೆ. ಸೌತೆ, ಮುಳ್ಳುಸೌತೆ, ಹಾಗಲ, ಪಡವಲ, ಅಲಸಂಡೆ, ಬೆಂಡೆ, ಬದನೆ, ಹರಿವೆ ಎಂದು ಅಂಗೈಯಗಲ ಜಾಗದಲ್ಲಿ ಹತ್ತು ಬಗೆ ಬೆಳೆಯುವ ಮನೆಗಳು ಇಂದೂ ಇವೆ. ಮಳೆ ನಿಂತ ಆ ತಿಂಗಳುಗಳಲ್ಲೇ ಮಾವು, ಹಲಸು, ಗೇರು ಮರಗಳ ಅಡಿಯಲ್ಲಿ ತರಗೆಲೆ ಬೀಳುತ್ತದೆ. ಬೆಳಗ್ಗೆ ಅಂಗಳ ಗುಡಿಸಿ, ಸಿಕ್ಕಿದ ತರಗೆಲೆಯನ್ನು ಮೂಲೆಗೆ ಒಟ್ಟಿ ಬೆಂಕಿ ಕೊಡುವುದು ಹೆಚ್ಚಿನ ಮನೆಗಳ ಪದ್ಧತಿ. ಅತ್ತ ತರಗೆಲೆ ಹೊಗೆಯಾಗಿ ಹೋಗುತ್ತದೆ. ಇತ್ತ ಬಿಸಿಲಿಗೆ ಬರಿದಾಗಿ ಬಿದ್ದ ಮಣ್ಣಿನಲ್ಲಿ ಗಿಡ ಮೊಳೆತು ನಾಲ್ಕೆಲೆ ಬಿಡುವಷ್ಟರಲ್ಲಿ ಹೇನು, ಬಿಳಿನೊಣ, ಕೆಂಪು ಜೀರುಂಡೆಗಳು ಹಾಜರಾಗುತ್ತವೆ. ಮತ್ತೆ ಪೇಟೆಗೆ ಓಡಿ, ‘ಯಾವುದಾದರೂ ಒಂದು ಮದ್ದು ಕೊಡಿ’ ಎಂದು ಕೇಳುವುದು.

ಆ ಹೊಗೆಗೂ ಈ ಮದ್ದಿಗೂ ಸಂಬಂಧವಿದೆ. ಸುಟ್ಟು ಕಳೆಯುವ ತರಗೆಲೆಯನ್ನು ಗಿಡದ ಬುಡದ ಸುತ್ತ ಹರಡಿದರೆ ಪೇಟೆಯ ಮದ್ದಿನ ಅಗತ್ಯ ಬಹಳಷ್ಟು ಕಡಿಮೆಯಾಗುತ್ತದೆ. ಅದು ಹೇಗೆ, ಎಷ್ಟರಮಟ್ಟಿಗೆ, ಎಲ್ಲಿ ಸಾಲದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ವಿಷದ ಬೆಲೆ ತಿಳಿದ ಜಿಲ್ಲೆ

ಕೀಟನಾಶಕದ ವಿಚಾರವಾಗಿ ನಮ್ಮ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಟೀ ಸೊಳ್ಳೆಯನ್ನು ಹತೋಟಿಗೆ ತರಲೆಂದು 1970ರ ದಶಕದ ಕೊನೆಯಿಂದ 2000ದ ಕೊನೆಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿದಂತೆ 11 ಪಂಚಾಯತುಗಳ ಹೆಸರು ಸಂತ್ರಸ್ತ ಪ್ರದೇಶಗಳ ಪಟ್ಟಿಗೆ ಸೇರಿತು. ಇವುಗಳಲ್ಲಿ ಹಲವು ಕನ್ನಡ ಮನೆಮಾತಿನವರು ತಲೆತಲಾಂತರದಿಂದ ಬಾಳಿ ಬಂದ ಊರುಗಳು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಎಂಡೋಸಲ್ಫಾನ್ ಹೋಯಿತು, ಮದ್ದಿನ ಅಭ್ಯಾಸ ಹೋಗಲಿಲ್ಲ. ಬೇರೆ ಹೆಸರಿನ ಶೀಶೆಗಳು ಅಂಗಡಿಯಲ್ಲಿ ಇವೆ. ಗುಡ್ಡದ ಮೇಲಿನ ಗೇರು ತೋಟಕ್ಕೆ ವಿಷ ಬೇಡವೆಂದ ನಾವು, ನಾಳೆಯೇ ಕೊಯ್ದು ಮಕ್ಕಳ ಬಟ್ಟಲಿಗೆ ಬಡಿಸುವ ಅಲಸಂಡೆಗೆ ಇಂದು ಮದ್ದು ಹೊಡೆದರೆ ಅದಕ್ಕೆ ಅರ್ಥವಿಲ್ಲ. ಅಲಸಂಡೆ, ಬೆಂಡೆ, ಹಾಗಲಗಳನ್ನು ಎರಡು ಮೂರು ದಿನಕ್ಕೊಮ್ಮೆ ಕೊಯ್ಯಬೇಕಾಗುತ್ತದೆ. ಮದ್ದು ಹೊಡೆದ ಮೇಲೆ ಕಾಯಬೇಕಾದಷ್ಟು ದಿನ ಕಾಯಲು ಈ ಬೆಳೆಗಳಲ್ಲಿ ವ್ಯವಧಾನವೇ ಇರುವುದಿಲ್ಲ. ಆದುದರಿಂದ ಹುಳ ಬಂದ ಮೇಲಿನ ಚಿಕಿತ್ಸೆಗಿಂತ, ಹುಳ ಹೆಚ್ಚಾಗದಂತೆ ಮೊದಲೇ ಮಾಡಿಕೊಳ್ಳುವ ವ್ಯವಸ್ಥೆ ನೆಟ್ಟಿಕಾಯಿಗೆ ಹೆಚ್ಚು ಹೊಂದುತ್ತದೆ.

ಹೊದಿಕೆ ಹುಳವನ್ನು ಕೊಲ್ಲುವುದಿಲ್ಲ

ಅಡಿಕೆ ಮರದ ಬುಡಕ್ಕೆ ಸೊಪ್ಪು ಹಾಕುವುದು ನಮಗೆ ಹೊಸತಲ್ಲ. ತೇವ ಉಳಿಯಲಿ, ಗೊಬ್ಬರವಾಗಲಿ ಎಂದು ಹಿರಿಯರು ಹಾಕಿದರು. ಅದೇ ಹೊದಿಕೆ ನೆಟ್ಟಿಕಾಯಿಯಲ್ಲಿ ಕೀಟದ ಉಪದ್ರವವನ್ನೂ ಕುಗ್ಗಿಸುತ್ತದೆ ಎಂಬುದು ಹಲವು ದೇಶಗಳ ಪ್ರಯೋಗಗಳಿಂದ ಖಚಿತವಾಗಿದೆ. ಹೊದಿಕೆಯಲ್ಲಿ ಹುಳ ಕೊಲ್ಲುವ ಗುಣವೇನೂ ಇಲ್ಲ. ಅದು ಕೆಲಸ ಮಾಡುವ ದಾರಿ ಬೇರೆ.

ಮೊದಲನೆಯದು ಕಣ್ಣು ತಪ್ಪಿಸುವುದು. ರೆಕ್ಕೆಯ ಹೇನು ಗಾಳಿಯಲ್ಲಿ ತೇಲಿ ಬರುವಾಗ ಮಣ್ಣಿನ ಕಪ್ಪು ಕೆಂಪಿನ ಎದುರು ಎದ್ದು ಕಾಣುವ ಹಸಿರನ್ನು ನೋಡಿ ಇಳಿಯುತ್ತದೆ. ಗಿಡದ ಸುತ್ತ ಬೈಹುಲ್ಲು ಹರಡಿದ್ದರೆ ಆ ವ್ಯತ್ಯಾಸ ಮಾಸುತ್ತದೆ. ಇಳಿಯುವ ಹೇನಿನ ಸಂಖ್ಯೆ ಕಡಿಮೆಯಾಗುತ್ತದೆ. ಜರ್ಮನಿಯಲ್ಲಿ ಆಲೂಗಡ್ಡೆ ಗದ್ದೆಗೆ ಹುಲ್ಲು ಹೊದಿಸಿದಾಗ ಹೇನು ಹರಡುವ ವೈರಸ್ ರೋಗ ತಗ್ಗಿದ್ದನ್ನು 2004ರಲ್ಲಿ ಪ್ರಕಟಿಸಲಾಯಿತು. ಅದೇ ವರ್ಷ ಪ್ರಕಟವಾದ ಕ್ಯಾಲಿಫೋರ್ನಿಯಾದ ಪ್ರಯೋಗದಲ್ಲಿ, ಕುಂಬಳದ ಜಾತಿಯ ಒಂದು ಬೆಳೆಗೆ ಗೋಧಿ ಹುಲ್ಲು ಹೊದಿಸಿದಲ್ಲಿ ಹೇನಿನ ವೈರಸ್ ಮತ್ತು ಬಿಳಿನೊಣ ಎರಡೂ ಕಡಿಮೆಯಾದುವು.

ಇದು ಮುಖ್ಯವಾದ ಸಂಗತಿ. ಹೇನು ಹರಡುವ ಮೊಸಾಯಿಕ್ ವೈರಸುಗಳಲ್ಲಿ ಹಲವು, ಹೇನು ಒಂದೆರಡು ಬಾರಿ ಎಲೆಗೆ ಸೂಜಿ ಚುಚ್ಚಿ ನೋಡುವಷ್ಟು ಹೊತ್ತಿನಲ್ಲೇ ಗಿಡಕ್ಕೆ ದಾಟಿಬಿಡುತ್ತವೆ. ಮದ್ದು ಹೊಡೆದ ಗಿಡದಲ್ಲಿ ಹೇನು ಸಾಯುವ ಮೊದಲೇ ರೋಗ ಬಂದಾಗಿರುತ್ತದೆ. ಒಮ್ಮೆ ವೈರಸ್ ತಗಲಿದ ಗಿಡಕ್ಕೆ ಯಾವ ಮದ್ದೂ ಇಲ್ಲ. ಹೇನು ಗಿಡದ ಮೇಲೆ ಇಳಿಯದಂತೆ ಮಾಡುವುದೇ ನಿಜವಾದ ರಕ್ಷಣೆ. ಹೊದಿಕೆಯ ಈ ಪ್ರಯೋಜನ ಗಿಡ ಚಿಕ್ಕದಿರುವಾಗ ಹೆಚ್ಚು. ಬಳ್ಳಿ ಹಬ್ಬಿ ನೆಲ ಮುಚ್ಚಿದ ಮೇಲೆ ಕಡಿಮೆ.

ಎರಡನೆಯದು ಕಾವಲುಗಾರರಿಗೆ ಮನೆ ಕೊಡುವುದು. ತರಗೆಲೆಯ ಅಡಿಯಲ್ಲಿ ತಂಪು, ತೇವ, ಮರೆ ಮೂರೂ ಇವೆ. ಜೇಡ, ನೆಲದ ಮೇಲೆ ಓಡಾಡುವ ಕಪ್ಪು ಜೀರುಂಡೆ ಮೊದಲಾದುವು ಅಲ್ಲಿ ನೆಲೆಯೂರಿ ಇತರ ಕೀಟಗಳ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಅಮೆರಿಕದ ಆಲೂಗಡ್ಡೆ ಬೆಳೆಗಾರರಿಗೆ ಕೊಲರಾಡೊ ಜೀರುಂಡೆ ದೊಡ್ಡ ಶತ್ರು. ಹುಲ್ಲು ಹೊದಿಸಿದ ಗದ್ದೆಯಲ್ಲಿ ಅದನ್ನು ತಿನ್ನುವ ಜೀವಿಗಳು ಹೆಚ್ಚಿ, ಎಲೆಗೆ ಆಗುವ ಹಾನಿ ತಗ್ಗಿತೆಂದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಜೀರುಂಡೆ ನಮ್ಮಲ್ಲಿಲ್ಲ. ಆದರೆ ಜೇಡವೂ ನೆಲದ ಜೀರುಂಡೆಯೂ ನಮ್ಮಲ್ಲಿ ಧಾರಾಳ ಇವೆ. ಬರಿ ಮಣ್ಣಿನಲ್ಲಿ ನಡುಹಗಲ ಬಿಸಿಲಿಗೆ ಅವು ನಿಲ್ಲುವುದಿಲ್ಲ. ಮದ್ದು ಹೊಡೆದರಂತೂ ಮೊದಲು ಸಾಯುವುದು ಅವೇ.

ಮೂರನೆಯದು ಗಿಡದ ಆರೋಗ್ಯ. ಮಾರ್ಚ್, ಎಪ್ರಿಲ್ ತಿಂಗಳ ಬಿಸಿಲಿಗೆ ನೀರು ಸಾಲದೆ ಬಳಲಿದ ಬದನೆ, ಬೆಂಡೆಗಳಲ್ಲಿ ನುಸಿಯ ಕಾಟ ಏರುತ್ತದೆ. ಹೊದಿಕೆ ಇದ್ದಲ್ಲಿ ಮಣ್ಣಿನ ಕಾವು ತಗ್ಗಿ, ಹಾಕಿದ ನೀರು ಹೆಚ್ಚು ದಿನ ನಿಲ್ಲುತ್ತದೆ. ಸುರಂಗದ ನೀರನ್ನೋ ತೋಡಿನ ಕಟ್ಟದ ನೀರನ್ನೋ ನಂಬಿ ನೆಟ್ಟಿ ಮಾಡುವವರಿಗೆ ಇದೇ ದೊಡ್ಡ ಲಾಭ. ಸೊಪ್ಪು ಮೆಲ್ಲಗೆ ಕೊಳೆತು ಸಾರ ಬಿಡುವುದರಿಂದ ಗಿಡ ಹದವಾಗಿ ಬೆಳೆಯುತ್ತದೆ. ಯೂರಿಯಾ ಹೆಚ್ಚು ಹಾಕಿ ಎಬ್ಬಿಸಿದ ಎಳೆ ಚಿಗುರಿಗೆ ಹೇನು ಮುತ್ತುವುದನ್ನು ಹೆಚ್ಚಿನವರು ಕಂಡಿರಬಹುದು.

ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ಹೊದಿಕೆ ಹಾಕಿದರೆ ಎಲ್ಲ ಹುಳವೂ ಓಡಿಹೋಗುತ್ತದೆಂದು ನಂಬಿ ಕೂತರೆ ನಷ್ಟ ಖಂಡಿತ. ಕೀಟದ ಸ್ವಭಾವ ತಿಳಿದು ಕೆಲಸ ಮಾಡಬೇಕು.

ಹೇನು, ಬಿಳಿನೊಣ: ಹೊದಿಕೆಯಿಂದ ಹೆಚ್ಚಿನ ಪ್ರಯೋಜನ ಸಿಗುವುದು ಇಲ್ಲಿಯೇ. ಅಲಸಂಡೆಯ ಕಪ್ಪು ಹೇನು, ಬೆಂಡೆಗೆ ಹಳದಿ ನರದ ರೋಗ ತರುವ ಬಿಳಿನೊಣ ಇವುಗಳ ವಿರುದ್ಧ ಮೊದಲ ಒಂದು ತಿಂಗಳು ಹೊದಿಕೆ ಅಗತ್ಯ. ಹುಲ್ಲಿನಂತೆ ಬಿಳಿಚು ಬಣ್ಣದ ಹೊದಿಕೆ ಈ ಕೆಲಸಕ್ಕೆ ಉತ್ತಮ. ಆದರೂ ಬಂದ ಹೇನನ್ನು, ಕುಡಿಯಲ್ಲಿ ಗುಂಪಾಗುವ ಮೊದಲೇ ಬೆರಳಿನಿಂದ ಉಜ್ಜಿ ತೆಗೆಯಬೇಕು. ಇಬ್ಬನಿ ಇರುವಾಗ ಬೂದಿ ಉದುರಿಸುವ ಹಿರಿಯರ ಕ್ರಮವೂ ಒಳ್ಳೆಯದೇ.

ಕೆಂಪು ಜೀರುಂಡೆ: ಸೌತೆ, ಕುಂಬಳ, ಚೀನಿಕಾಯಿಯ ಎಳೆ ಎಲೆಗಳನ್ನು ತೂತು ಮಾಡುವ ಈ ಜೀರುಂಡೆ ಬುಡದ ಬಳಿಯ ತೇವದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿ ಬೇರನ್ನೂ ನೆಲಕ್ಕೆ ತಾಗಿದ ಕಾಯಿಯನ್ನೂ ಕೊರೆಯುತ್ತದೆ. ಕಾಯಿಯ ಅಡಿಗೆ ದಪ್ಪನಾಗಿ ಹುಲ್ಲು ಇಟ್ಟರೆ ಕಾಯಿ ಮಣ್ಣಿನಿಂದ ದೂರ ಉಳಿಯುತ್ತದೆ, ಕೊಳೆಯುವುದೂ ತಪ್ಪುತ್ತದೆ. ಆದರೆ ಗಿಡದ ಕಾಂಡಕ್ಕೆ ತಾಗುವಂತೆ ಸೊಪ್ಪು ಒಟ್ಟಿದರೆ ಅದೇ ತೇವ ಮೊಟ್ಟೆಗೆ ಅನುಕೂಲವಾದೀತು. ಬೆಳಗಿನ ಚಳಿಗೆ ಜೀರುಂಡೆ ಮಂಕಾಗಿರುತ್ತದೆ; ಆಗಲೇ ಹಿಡಿದು ಸಾಬೂನು ನೀರಿಗೆ ಹಾಕಬೇಕು.

ಕಾಯಿನೊಣ: ಹಾಗಲ, ಪಡವಲ, ಮುಳ್ಳುಸೌತೆಗಳನ್ನು ಕೊಳೆಸುವ ಈ ನೊಣಕ್ಕೆ ಹೊದಿಕೆ ಮದ್ದಲ್ಲ. ಹುಳ ಕಾಯಿಯಿಂದ ಹೊರಬಿದ್ದು ಮಣ್ಣಿಗೆ ಇಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಹೊದಿಕೆಯ ಮೇಲೆ ಕೊಳೆತ ಕಾಯಿ ಬಿದ್ದಿರಲು ಬಿಟ್ಟರೆ ನಾವೇ ನೊಣ ಸಾಕಿದಂತೆ. ಬಿದ್ದ ಕಾಯಿಯನ್ನು ದಿನವೂ ಹೆಕ್ಕಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಬೇಕು. ಎಳೆ ಕಾಯಿಗೆ ಕಾಗದದ ತೊಟ್ಟೆ ಕಟ್ಟುವುದು, ಗಂಡು ನೊಣವನ್ನು ಸೆಳೆಯುವ ಕ್ಯೂಲೂರ್ ಬಲೆ ತೂಗುಹಾಕುವುದು ಜೊತೆಗೆ ನಡೆಯಬೇಕು.

ಕೊರೆಯುವ ಹುಳ: ಬದನೆಯ ಕುಡಿ ಮತ್ತು ಕಾಯಿ, ಬೆಂಡೆಯ ಕಾಯಿ, ಅಲಸಂಡೆಯ ಕೋಡು ಕೊರೆಯುವ ಹುಳಗಳ ಪತಂಗ ಹಾರಿ ಬಂದು ಗಿಡದ ಮೇಲೆಯೇ ಮೊಟ್ಟೆ ಇಡುತ್ತದೆ. ಇಲ್ಲಿಯೂ ಹೊದಿಕೆ ಒಂದೇ ಸಾಲದು. ಬಾಡಿದ ಕುಡಿಯನ್ನು ಕಂಡ ಕೂಡಲೇ ಚಿವುಟಿ ನಾಶಮಾಡಬೇಕು. ಬದನೆಯ ಹುಳ ಗಿಡದ ಕಸದಲ್ಲಿಯೂ ಕೋಶ ಕಟ್ಟುವುದರಿಂದ, ಹಳೆಯ ಬದನೆ ಗಿಡವನ್ನು ಕಿತ್ತು ಹೊಸ ಬದನೆಗೆ ಹೊದಿಕೆ ಮಾಡಲೇಬಾರದು. ಯಾವ ಬೆಳೆಯ ಉಳಿಕೆಯನ್ನೂ ಅದೇ ಬೆಳೆಗೆ ಹೊದಿಸದಿರುವುದು ಒಳ್ಳೆಯ ನಿಯಮ.

ಚುಕ್ಕೆ ಜೀರುಂಡೆ: ಬದನೆ, ಹಾಗಲಗಳ ಎಲೆಯ ಹಸಿರನ್ನು ಕೆರೆದು ಬಲೆಯಂತೆ ಮಾಡುವ ಜೀರುಂಡೆಗೂ, ಹೇನನ್ನು ತಿಂದು ನಮಗೆ ಉಪಕಾರ ಮಾಡುವ ಗುಲಗಂಜಿ ಹುಳಕ್ಕೂ ರೂಪದಲ್ಲಿ ಹೋಲಿಕೆ ಇದೆ. ಎಲೆ ತಿನ್ನುವುದರ ಮೈ ಮಂಕು, ಚುಕ್ಕೆ ಹೆಚ್ಚು. ಉಪಕಾರಿಯ ಮೈ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಎಲೆಯಡಿಯಲ್ಲಿ ಒತ್ತೊತ್ತಾಗಿ ಇಟ್ಟ ಹಳದಿ ಮೊಟ್ಟೆ ಕಂಡರೆ ಅವಸರ ಬೇಡ. ಎರಡೂ ಅಂಥ ಮೊಟ್ಟೆ ಇಡುತ್ತವೆ. ಕೆರೆದ ಎಲೆಯಲ್ಲಿದ್ದರೆ ಆ ಎಲೆಯನ್ನು ಕಿತ್ತು ತೆಗೆಯಬೇಕು. ಹೇನಿನ ಗುಂಪಿನ ಹತ್ತಿರ ಇದ್ದರೆ ಬಿಡಬೇಕು.

ಹಾಕುವ ಕ್ರಮ

ಗಿಡ ಗೇಣುದ್ದ ಆಗಿ ಮೂರು ನಾಲ್ಕು ಎಲೆ ಬಿಟ್ಟಾಗ ಮೊದಲು ಕಳೆ ಕಿತ್ತು, ಹಟ್ಟಿಗೊಬ್ಬರ ಹಾಕಿ, ಮಣ್ಣು ತೊಯ್ಯುವಂತೆ ನೀರು ಬಿಡಬೇಕು. ಆ ಮೇಲೆಯೇ ಹೊದಿಕೆ. ಒಣ ಮಣ್ಣಿನ ಮೇಲೆ ಹೊದಿಸಿದರೆ ಮೇಲಿನಿಂದ ಹಾಕಿದ ನೀರು ಸೊಪ್ಪಿನಲ್ಲೇ ಉಳಿದೀತು. ತರಗೆಲೆಯಾದರೆ ಎರಡು ಮೂರು ಇಂಚು, ಹಸಿ ಸೊಪ್ಪಾದರೆ ನಾಲ್ಕು ಇಂಚು ದಪ್ಪ ಇರಲಿ. ಹಸಿ ಸೊಪ್ಪು ಬೇಗ ಬಾಡಿ ಅರ್ಧಕ್ಕೆ ಇಳಿಯುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳಗಲ ಜಾಗ ಬರಿದೇ ಬಿಡಬೇಕು. ಹೊದಿಕೆ ತೆಳುವಾದ ಹಾಗೆ ಮತ್ತೆ ಕೂಡಿಸುತ್ತಿರಬೇಕು.

ವಸ್ತುವಿಗೆ ನಮ್ಮಲ್ಲಿ ಕೊರತೆ ಇಲ್ಲ. ಗೇರೆಲೆ, ಹಲಸಿನೆಲೆಗಳು ನಿಧಾನವಾಗಿ ಕೊಳೆಯುವುದರಿಂದ ಬಹುದಿನ ಬಾಳುತ್ತವೆ. ಬೇಲಿಯ ಗೊಬ್ಬರಗಿಡದ ಸೊಪ್ಪು ಬೇಗ ಕೊಳೆತು ಸಾರ ಕೊಡುತ್ತದೆ. ಅಡಿಯಲ್ಲಿ ಹಸಿ ಸೊಪ್ಪು, ಮೇಲೆ ತರಗೆಲೆ ಹಾಕಿದರೆ ಎರಡರ ಗುಣವೂ ಸಿಗುತ್ತದೆ. ಬೈಹುಲ್ಲು ದನಗಳ ಬಾಯಿಗೆ ಬೇಕಾದುದು, ಬೆಲೆಯೂ ಹೆಚ್ಚು. ಹಾಗಾಗಿ ದನ ತಿಂದು ಬಿಟ್ಟ ಹುಲ್ಲು, ಮಳೆಗೆ ತೊಯ್ದು ಮುಗ್ಗಿದ ಹುಲ್ಲನ್ನು ಬಳಸಿದರಾಯಿತು. ತೆಂಗಿನ ಮಡಲಿನ ಗರಿಯನ್ನು ತುಂಡು ಮಾಡಿ ಹಾಕಬಹುದು. ಕಳೆ ಗಿಡಗಳನ್ನು ಬೀಜ ಕಟ್ಟುವ ಮೊದಲೇ ಕೊಯ್ದು ಹಾಕಬೇಕು. ಇಲ್ಲವಾದರೆ ಕಳೆಯನ್ನು ನಾವೇ ಬಿತ್ತಿದಂತೆ.

ಈಗ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆಯೂ ಪೇಟೆಯಲ್ಲಿ ಸಿಗುತ್ತದೆ. ಬೆಳಕನ್ನು ಪ್ರತಿಫಲಿಸಿ ಹೇನು, ಬಿಳಿನೊಣಗಳನ್ನು ದೂರ ಇಡುವುದರಲ್ಲಿ ಅದು ಸಮರ್ಥವೇ. ಆದರೆ ಅದು ಕೊಳೆತು ಗೊಬ್ಬರವಾಗುವುದಿಲ್ಲ, ಹಣ ಕೊಟ್ಟು ತರಬೇಕು, ಹರಿದ ಚೂರುಗಳು ಗದ್ದೆಯಲ್ಲಿ ಉಳಿಯುತ್ತವೆ. ನಾಲ್ಕಾರು ಗುಳಿ ಹಾಕುವ ಮನೆಯವರಿಗೆ ತರಗೆಲೆಯೇ ಸಾಕು.

ಎಚ್ಚರ ಇರಬೇಕಾದಲ್ಲಿ

‘ಸೊಪ್ಪು ಹಾಕಿದರೆ ಗೆದ್ದಲು ಬರುವುದಿಲ್ಲವೇ ಮಾರಾಯ್ರೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಮುರಕಲ್ಲಿನ ಗುಡ್ಡೆ ಜಾಗದಲ್ಲಿ, ನೀರಿಲ್ಲದೆ ಒಣಗಿದ ಹೊದಿಕೆಗೆ ಗೆದ್ದಲು ಬರುವುದುಂಟು. ಅದು ಮುಖ್ಯವಾಗಿ ತಿನ್ನುವುದು ಸತ್ತ ಎಲೆ, ಕಡ್ಡಿಗಳನ್ನು. ಹೊದಿಕೆಯನ್ನು ತೇವವಾಗಿಟ್ಟು, ಕಾಂಡಕ್ಕೆ ತಾಗದಂತೆ ನೋಡಿಕೊಂಡು, ವಾರಕ್ಕೊಮ್ಮೆ ಕೈಯಿಂದ ಮಗುಚಿದರೆ ತೊಂದರೆ ಕಡಿಮೆ. ಗುಳಿಗೆ ಬೇವಿನ ಹಿಂಡಿ ಹಾಕುವುದೂ ಒಳ್ಳೆಯದು.

ಮಳೆಗಾಲದ ಮಾತು ಬೇರೆ. ಆಟಿಯ ಮಳೆಗೆ ದಪ್ಪ ಹೊದಿಕೆಯ ಅಡಿಯಲ್ಲಿ ಬುಡ ಕೊಳೆಯುತ್ತದೆ, ಬಸವನಹುಳು ಸೇರಿಕೊಳ್ಳುತ್ತದೆ. ದೊಡ್ಡ ಆಫ್ರಿಕನ್ ಬಸವನಹುಳು ಇರುವ ಊರುಗಳಲ್ಲಿ ಇದು ಇನ್ನೂ ಅಪಾಯ. ಒದ್ದೆ ಗೋಣಿಯೊಳಗೆ ಪಪ್ಪಾಯಿ ಎಲೆ ಹಾಕಿ ಸಂಜೆ ಇಟ್ಟರೆ ಅವು ಅಲ್ಲಿಗೆ ಕೂಡುತ್ತವೆ. ಕೈಗೆ ತೊಟ್ಟೆ ಕಟ್ಟಿಕೊಂಡು ಹೆಕ್ಕಿ ಉಪ್ಪುನೀರಿಗೆ ಹಾಕಬೇಕು. ಪತ್ತನಾಜೆಯ ಹೊತ್ತಿಗೆ ನೆಟ್ಟಿಯ ಹೊದಿಕೆಯನ್ನು ಬಾಚಿ ತೆಂಗು, ಬಾಳೆಯ ಬುಡಕ್ಕೆ ಹಾಕಿಬಿಡುವುದು ಕ್ಷೇಮ.

ಅರೆಕೊಳೆತ ಸಗಣಿಯ ರಾಶಿಯನ್ನು ಹೊದಿಕೆಯೆಂದು ಬಳಸಬಾರದು. ತೆಂಗಿನ ಸುಳಿ ಕೊರೆಯುವ ಕುರುವಾಯಿ ಮೊಟ್ಟೆ ಇಡುವುದು ಅಂಥ ರಾಶಿಯಲ್ಲಿಯೇ. ಪೂರ್ತಿ ಕೊಳೆತ ಗೊಬ್ಬರ ಮಣ್ಣಿಗೆ, ಎಲೆ ಮತ್ತು ಹುಲ್ಲು ಮೇಲಕ್ಕೆ ಎಂಬ ಲೆಕ್ಕ ಇಟ್ಟುಕೊಂಡರೆ ಸಾಕು.

ಕರಪತ್ರ ಓದುವಾಗ

ಕೇರಳದಲ್ಲಿ 1987ರಲ್ಲಿ ಕೃಷಿಭವನಗಳು ಆರಂಭವಾದುವು. ಸಲಹೆ, ಬೀಜ, ಸಹಾಯಧನ ಎಲ್ಲವೂ ಅಲ್ಲಿಂದಲೇ. ಆದರೆ ಕೈಗೆ ಬರುವ ಕರಪತ್ರ ಸಾಮಾನ್ಯವಾಗಿ ಮಲಯಾಳದಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಅದು ಕಷ್ಟ. ಈ ಕೆಲವು ಪದಗಳನ್ನು ತಿಳಿದಿದ್ದರೆ ಮಕ್ಕಳಿಂದ ಓದಿಸಿ ಕೇಳುವಾಗಲೂ ಅರ್ಥವಾಗುತ್ತದೆ. ‘ಪುತಯಿಡಲ್’ ಎಂದರೆ ನಮ್ಮ ಸೊಪ್ಪಿನ ಹೊದಿಕೆಯೇ. ‘ಮುಞ್ಞ’ ಎಂದರೆ ಹೇನು, ‘ವೆಳ್ಳೀಚ್ಚ’ ಬಿಳಿನೊಣ, ‘ಕಾಯೀಚ್ಚ’ ಕಾಯಿನೊಣ, ‘ಮತ್ತನ್ ವಂಡ್’ ಕೆಂಪು ಜೀರುಂಡೆ, ‘ಚಿತಲ್’ ಗೆದ್ದಲು, ‘ಕೊಂಬನ್ ಚೆಲ್ಲಿ’ ಕುರುವಾಯಿ, ‘ಶೀಮಕ್ಕೊನ್ನ’ ಗೊಬ್ಬರಗಿಡ. ಕೇರಳದ 1969ರ ಅಧಿಕೃತ ಭಾಷಾ ಶಾಸನದಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶವಿದೆ. ಬೆಳೆಯ ರೋಗದ ವಿಷಯದಲ್ಲಿ ಅರ್ಧ ಅರ್ಥವಾದ ಸಲಹೆ ಅಪಾಯಕರ. ಆದುದರಿಂದ ಸಂಶಯವಿದ್ದಲ್ಲಿ ಕನ್ನಡದಲ್ಲಿಯೇ ಬರೆದು ಕೇಳಲು ಸಂಕೋಚಪಡಬೇಕಾಗಿಲ್ಲ.

ಇದೆಲ್ಲವನ್ನು ಓದಿದವರು ಕೂಡಲೇ ಒಪ್ಪಬೇಕೆಂದಿಲ್ಲ. ಈ ಸಲ ಅಲಸಂಡೆಯನ್ನೋ ಬೆಂಡೆಯನ್ನೋ ಎರಡು ಸಾಲು ಹಾಕಿ. ಒಂದು ಸಾಲಿಗೆ ಹೊದಿಕೆ ಕೊಡಿ, ಇನ್ನೊಂದನ್ನು ಬರಿದೇ ಬಿಡಿ. ನೀರು, ಗೊಬ್ಬರ ಎರಡಕ್ಕೂ ಒಂದೇ ಪ್ರಮಾಣದಲ್ಲಿರಲಿ. ವಾರಕ್ಕೊಮ್ಮೆ ಒಂದೊಂದು ಸಾಲಿನಲ್ಲೂ ಹೇನು ಕೂತ ಗಿಡ ಎಷ್ಟು, ಎಲೆ ಹಳದಿಯಾದ ಗಿಡ ಎಷ್ಟು ಎಂದು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎಣಿಸುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಎರಡು ತಿಂಗಳ ಬಳಿಕ ಆ ಲೆಕ್ಕ ನೋಡಿ, ಬರುವ ವರ್ಷ ತರಗೆಲೆಗೆ ಬೆಂಕಿ ಕೊಡಬೇಕೋ ಬೇಡವೋ ಎಂಬುದನ್ನು ಮನೆಯವರೇ ತೀರ್ಮಾನಿಸಬಹುದು.